ಓತ್ ಆಯ್ತು, ಮುಂದೇನು? ಸರೆಂಡರ್ (ಹಳೇ ಇಂಡಿಯನ್ ಪಾಸ್‌ಪೋರ್ಟ್ ಕ್ಯಾನ್ಸಲ್ ಮಾಡ್ಸೋದು), ಓಸಿಐ (ಬೇರೆ ದೇಶದ ಪೌರರಾದ ಭಾರತೀಯ ಮೂಲದವರಿಗೆ ಇಂಡಿಯಾ ಕೊಡೋ ಕಾರ್ಡು) ಮಾಡ್ಸಿದೋರು ಸ್ವಲ್ಪ ಹೇಳ್ರಪ್ಪ

ಪ್ರಶ್ನೆ: ಹೋದ ತಿಂಗಳು ಯುಎಸ್ ಸಿಟಿಜನ್‌ಶಿಪ್ ಓತ್ ತಗೊಂಡೆ. ಡಿಸೆಂಬರ್‌ಗೆ ತಂಗಿ ಮದುವೆ, ಶಿವಮೊಗ್ಗಕ್ಕೆ ಹೋಗ್ಬೇಕು. ಇಂಡಿಯನ್ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಖಾಲಿ ಇತ್ತು, ಹಾಗಾಗಿ ಗ್ರೀನ್ ಕಾರ್ಡಲ್ಲಿ ಫಸ್ಟ್ ನೇಮ್ ಜಾಗಕ್ಕೆ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಅಂದ್ರೆ ಹೆಸರು ಗೊತ್ತಿಲ್ಲ) ಅಂತ ಹಾಕಿದ್ರು, ಓತ್ ಟೈಮಲ್ಲಿ ಅಪ್ಪನ ಹೆಸರನ್ನ ಸರ್‌ನೇಮ್ ಮಾಡ್ಕೊಂಡೆ. ಪಾಪು ಇಲ್ಲೇ ಹುಟ್ಟಿದ್ದು, ಗಂಡ ಇನ್ನೂ ಇಂಡಿಯನ್ ಪಾಸ್‌ಪೋರ್ಟಲ್ಲೇ ಇದಾರೆ. ಎಲ್ಲಿಂದ ಶುರು ಮಾಡ್ಲಿ?

ಸಾನ್ ಹೋಸೆಯಿಂದ: ಮೊದಲು ಯುಎಸ್ ಪಾಸ್‌ಪೋರ್ಟ್, ಆಮೇಲೆ ಸರೆಂಡರ್, ಆಮೇಲೆ ಓಸಿಐ. ಹಳೇ ಪಾಸ್‌ಪೋರ್ಟ್ ಇನ್ನೂ ವ್ಯಾಲಿಡ್ ಇದೆಯಲ್ಲ ಒಂದ್ಸಲ ಹೋಗ್ಬಂದ್ಬಿಡೋಣ ಅಂತ ಮಾತ್ರ ಅನ್ಕೋಬೇಡಿ ಅಕ್ಕ, 1955ರ ಸಿಟಿಜನ್‌ಶಿಪ್ ಆಕ್ಟ್ ಸೆಕ್ಷನ್ 9ರ ಪ್ರಕಾರ ಬೇರೆ ದೇಶದ ಪೌರತ್ವ ತಗೊಂಡ ಕ್ಷಣಾನೇ ನಮ್ಮದು ಹೋಯ್ತು, ಆ ಪಾಸ್‌ಪೋರ್ಟ್ ತೋರಿಸಿ ಓಡಾಡಿದ್ರೆ ದಂಡ ಬೀಳತ್ತೆ. ಕ್ಯಾನ್ಸಲ್ ಆಗಿ ವಾಪಸ್ ಬಂದಿದ್ದನ್ನ ಎಸೀಬೇಡಿ, ಓಸಿಐಗೆ ಅದೇ ಪುರಾವೆ.

ನ್ಯೂಜೆರ್ಸಿಯಿಂದ: ಕೆಲಸ ನಿಲ್ಲೋದು ಹೆಸರಲ್ಲೇ ರೀ. ಓಸಿಐ ಫಾರ್ಮಲ್ಲಿ ಹೆಸರು ಯುಎಸ್ ಪಾಸ್‌ಪೋರ್ಟಲ್ಲಿ ಇರೋ ಹಾಗೇ ಇರ್ಬೇಕು, ಆದ್ರೆ ಪಾಪು ಬರ್ತ್ ಸರ್ಟಿಫಿಕೇಟಲ್ಲಿ ನಿಮ್ಮ ಹಳೇ ಹೆಸರು ಇರತ್ತೆ. ಓತ್ ಟೈಮಲ್ಲಿ ಕೋರ್ಟಿಂದ ಹೆಸರು ಬದಲಾವಣೆ ಕಾಗದ ಕೊಟ್ಟಿರ್ತಾರಲ್ಲ, ಅದರ ಕಾಪಿ ಎರಡೂ ಅಪ್ಲಿಕೇಶನ್‌ಗೆ ಇಡಿ, ಜೊತೆಗೆ ಈ ಎರಡು ಹೆಸರೂ ಒಬ್ಬಳದ್ದೇ ಅಂತ ಒಂದು ಅಫಿಡವಿಟ್ ಮಾಡ್ಸಿ ನೋಟರಿ ಹಾಕ್ಸಿಬಿಡಿ. ಪಾಪು ಫಾರ್ಮಿಗೆ ಅಪ್ಪ ಅಮ್ಮ ಇಬ್ರದ್ದೂ ಸಹಿ ಬೇಕು, ಪಾಪೂದು ಹೆಬ್ಬೆಟ್ಟು. ಮಲಗಿದ್ದಾಗ ಒತ್ತಿಸ್ಕೊಳ್ಳಿ, ಎದ್ದಿದ್ರೆ ಮುಷ್ಟಿ ಬಿಡಲ್ಲ, ನಮ್ಮನೇಲಿ ಇಂಕ್ ಎಲ್ಲ ಸೋಫಾಗೆ ಆಯ್ತು. ಇನ್ನೊಂದು, ಸಹಿ ಅಪ್‌ಲೋಡ್ ಮಾಡೋ ಡಬ್ಬಿ ಅಡ್ಡಡ್ಡ ಇರತ್ತೆ, ಅಗಲ ಎತ್ತರದ ಮೂರು ಪಟ್ಟು, ಹೆಬ್ಬೆಟ್ಟಿನ ಸ್ಕ್ಯಾನನ್ನೂ ಅದೇ ಅಳತೆಗೆ ಕ್ರಾಪ್ ಮಾಡ್ಬೇಕು.

ಏಜೆಂಟ್‌ಗೆ ದುಡ್ಡು ಕೊಡೋದು ದಂಡ ಅನ್ನೋದು ನನ್ನ ಅಭಿಪ್ರಾಯ, ಫಾರ್ಮ್ ಅವರೂ ನಮ್ಮನ್ನ ಕೇಳ್ಕೊಂಡೇ ತುಂಬೋದು.

ಡಲ್ಲಾಸ್‌ನಿಂದ: ಡಿಸೆಂಬರ್ ಅಂದ್ರ ಓಸಿಐ ಬರತೈತೋ ಇಲ್ಲೋ ಅಂತ ಕಾಯ್ಕೋತ ಕುಂದ್ರಬ್ಯಾಡ್ರಿ ಅಕ್ಕಾರ, ತಡ ಆದ್ರ ನಿಮಗೂ ಕೂಸಿಗೂ ಇ-ವೀಸಾ ಮಾಡಿಸ್ರಿ, ಸರೆಂಡರ್ ಸರ್ಟಿಫಿಕೇಟ್ ಮಾತ್ರ ಕೈಯಾಗ ಇರ್ಲಿ. ಕೂಸಿಗೆ 20 ವರ್ಷ ಆಗೂ ತನಕ ಹೊಸ ಪಾಸ್‌ಪೋರ್ಟ್ ಬಂದಾಗೊಮ್ಮೆ ಅದರ ಕಾಪಿ, ಹೊಸ ಫೋಟೋ ಓಸಿಐ ಸೈಟಿಗೆ ಹಾಕ್ಬೇಕು, ರೊಕ್ಕ ಏನಿಲ್ಲ, ಮೂರು ತಿಂಗಳೊಳಗ ಹಾಕಿದ್ರ ಆತು.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಎಲ್ರಿಗೂ! ಊರಲ್ಲಿ ಅಪ್ಪನ ಅಡಿಕೆ ತೋಟ ಇದೆ, ಓಸಿಐ ಆದ್ರೆ ಅದು ನಂಗೆ ಬರಲ್ವಾ?

ಡಲ್ಲಾಸ್‌ನಿಂದ: ಅಪ್ಪಾರಿಂದ ವಾರಸಾ ಬಂದ್ರ ನಿಮ್ಮದ ರೀ, ಅಡ್ಡಿ ಇಲ್ಲ. ಬಾಜೂ ತೋಟ ನಿಮ್ಮ ಹೆಸರಿಗೆ ಕೊಳ್ಳಾಕ ಮಾತ್ರ ಬರೂದಿಲ್ಲ.