ಪಿ0420 ಬಂದೈತಿ, ಕನ್ವರ್ಟರ್ ಬದಲಿಸಲೇಬೇಕಾ?

ಸಿಂಧನೂರು_ಪೆಟ್ರೋಲ್:
ನಮಸ್ಕಾರ ರೀ. 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಬಿಎಸ್4, 92 ಸಾವಿರ ಕಿ.ಮೀ. ಓಡೇತಿ. ಚೆಕ್ ಎಂಜಿನ್ ಲೈಟ್ ಬಂದೈತಿ. ಬ್ಲೂಟೂತ್ ಸ್ಕ್ಯಾನರ್ ಹಚ್ಚಿದ್ರ ಪಿ0420 ಒಂದೇ ಕೋಡ್. ಪಿಕಪ್ ಮದಲಿನಂಗೇ ಐತಿ. ಗ್ಯಾರೇಜ್‌ನ್ಯಾಗ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗ್ಯಾಗಿನ ವಿಷ ಕಮ್ಮಿ ಮಾಡೋ ಡಬ್ಬಿ) ಪೂರ್ತಿ ಬದಲಿಸ್ರಿ ಅಂತಾರ. ಅಷ್ಟು ರೊಕ್ಕ ಹಾಕೋಕಿಂತ ಮದ್ಲು ಮನ್ಯಾಗ ಏನು ಚೆಕ್ ಮಾಡಬೇಕು?

ಗಂಗಾವತಿ_ಸ್ಪ್ಯಾನರ್:
ಅವಸರ ಮಾಡಬ್ಯಾಡ್ರಿ. ಪಿ0420 ಅಂದ್ರ ಕನ್ವರ್ಟರ್ ಸರಿಯಾಗಿ ಕೆಲಸ ಮಾಡವಲ್ದು ಅಂತ, ಅದರ ಹಿಂದಿನ ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು (ಎಂಜಿನ್ ಕಂಪ್ಯೂಟರ್) ಹಾಕಿದ ಲೆಕ್ಕ ಅಷ್ಟ. ಕೋಡ್ ಅಳಿಸಬ್ಯಾಡ್ರಿ, ಮದ್ಲು ಫ್ರೀಝ್ ಫ್ರೇಮ್ (ಕೋಡ್ ಬಿದ್ದ ಗಳಿಗ್ಯಾಗಿನ ಎಂಜಿನ್ ಲೆಕ್ಕ) ಬರಕೊಳ್ರಿ.

ಹತ್ತು-ಹದಿನೈದು ಕಿ.ಮೀ. ಓಡಿಸಿ ಎಂಜಿನ್ ಚೆನ್ನಾಗಿ ಕಾಯಿಸ್ರಿ. ತಣ್ಣಗಿದ್ದಾಗ ಕನ್ವರ್ಟರ್ ಕೆಲಸಾನೇ ಮಾಡಂಗಿಲ್ಲ, ಸುಮಾರು 300 ಡಿಗ್ರಿ ದಾಟಬೇಕು. ಆಮ್ಯಾಲ 2500 ಆರ್‌ಪಿಎಂ ಹಿಡಿದು ಲೈವ್ ಡೇಟಾದಾಗ ಎರಡೂ ಸೆನ್ಸರ್‌ನ ಗ್ರಾಫ್ ಒಟ್ಟಿಗೆ ನೋಡ್ರಿ. ಕನ್ವರ್ಟರ್‌ಗಿಂತ ಮುಂದಿಂದು 0.1ರಿಂದ 0.9 ವೋಲ್ಟ್ ನಡುವೆ ಪಟಪಟ ಏರಿಳೀಬೇಕು. ಹಿಂದಿಂದು 0.6-0.7ರ ಆಸುಪಾಸು ಸುಮ್ಮನ ನಿಂತಿರಬೇಕು. ಹಿಂದಿಂದೂ ಮುಂದಿನದರ ಜೋಡಿ ಕುಣಿದ್ರ, ಕನ್ವರ್ಟರ್‌ಗೆ ಆಕ್ಸಿಜನ್ ಹಿಡಿದಿಡೋ ತಾಕತ್ತು ಹೋಗೇತಿ ಅಂತ ಅರ್ಥ. 0.1ರ ಹತ್ರನೇ ಅಂಟಿಕೊಂಡಿದ್ರ ಲೀಕ್ ಇಲ್ಲಾ ಸೆನ್ಸರ್ ಮ್ಯಾಲ ಅನುಮಾನ ಪಡ್ರಿ. (ಕೆಲವು ಗಾಡಿಗೆ ಮುಂದ ಏರ್-ಫ್ಯೂಯಲ್ ಸೆನ್ಸರ್ ಇರ್ತೈತಿ, ಅದು ಹಿಂಗ ಕುಣಿಯಂಗಿಲ್ಲ. ಆಗ ಹಿಂದಿಂದಷ್ಟ ನೋಡ್ರಿ.)

ಶಾರ್ಟ್ ಮತ್ತು ಲಾಂಗ್ ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲ್ ಎಷ್ಟು ಶೇಕಡಾ ಹೆಚ್ಚು-ಕಮ್ಮಿ ಮಾಡಾಕತ್ತೈತಿ ಅನ್ನೋದು) ಕೂಡಿಸಿ ನೋಡೋದು ಮರೀಬ್ಯಾಡ್ರಿ. ಪ್ಲಸ್ 10 ದಾಟಿದ್ರ ಎಲ್ಲೋ ಗಾಳಿ ಎಳಕೊಳ್ಳಾಕತ್ತೈತಿ ಇಲ್ಲಾ ಪೆಟ್ರೋಲ್ ಸಾಲವಲ್ದು. ಮೈನಸ್ 10ಕ್ಕಿಂತ ಕೆಳಗಿದ್ರ ಪೆಟ್ರೋಲ್ ಹೆಚ್ಚಾಗೇತಿ.

ಬಳ್ಳಾರಿ_ಗೇರ್:
ಮೇಲಿನದಕ್ಕೆ ಒಂದು ಸೇರಿಸ್ತೀನಿ. ಎಕ್ಸಾಸ್ಟ್ ಲೀಕ್ ನೋಡದೆ ಯಾವ ಪಾರ್ಟೂ ತರಬೇಡಿ. ಎಕ್ಸಾಸ್ಟ್ ಹೊಡೆತದ ನಡುವೆ ಪೈಪಿನಲ್ಲಿ ಒತ್ತಡ ಬೀಳುತ್ತೆ. ಆಗ ಸಣ್ಣ ಸಂದಿಯಿಂದಲೂ ಹೊರಗಿನ ಗಾಳಿ ಒಳಗೆ ಹೋಗಿ ಸೆನ್ಸರ್ ದಾರಿ ತಪ್ಪುತ್ತೆ. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಬಯಲಲ್ಲಿ ಸ್ಟಾರ್ಟ್ ಮಾಡಿ, ಮುಚ್ಚಿದ ಶೆಡ್‌ನಲ್ಲಿ ಬೇಡ, ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತೆ. ಒಬ್ಬರು ಸೈಲೆನ್ಸರ್ ಬಾಯಿಗೆ ಒದ್ದೆ ದಪ್ಪ ಬಟ್ಟೆ ಕೆಲವು ಸೆಕೆಂಡು ಒತ್ತಿ ಹಿಡಿಯಲಿ. ನೀವು ಮ್ಯಾನಿಫೋಲ್ಡ್ ಜಾಯಿಂಟ್ ಮತ್ತು ಸೆನ್ಸರ್ ಬುಡಕ್ಕೆ ಸೋಪಿನ ನೀರು ಸಿಂಪಡಿಸಿ. ಗುಳ್ಳೆ ಬಂದರೆ, ಅಥವಾ ಗ್ಯಾಸ್ಕೆಟ್ ಅಂಚಲ್ಲಿ ಕಪ್ಪು ಮಸಿ ಗೆರೆ ಕಂಡರೆ, ಕಳ್ಳ ಅಲ್ಲೇ ಇದ್ದಾನೆ.

ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಹಿಂದೆ-ಮುಂದೆ ಬಿಸಿ ಅಳೆಯುವ ವಿಡಿಯೊಗಳನ್ನು ನಂಬಬೇಡಿ. ಎಂಜಿನ್ ಚೆನ್ನಾಗಿ ಸುಡುತ್ತಿದ್ದರೆ ಒಳ್ಳೆಯ ಕನ್ವರ್ಟರ್‌ನಲ್ಲೂ ವ್ಯತ್ಯಾಸ ಕಡಿಮೆಯೇ.

ಕನ್ವರ್ಟರ್ ಕಟ್ಟಿಕೊಂಡಿದೆಯಾ ಅಂತ ನೋಡುವ ಟೆಸ್ಟ್ ನಿಮಗೆ ಈಗ ಬೇಡ, ಪಿಕಪ್ ಬಿದ್ದಿಲ್ಲವಲ್ಲ. ಬಿದ್ದರೆ ಮುಂದಿನ ಸೆನ್ಸರ್ ಬಿಚ್ಚಿ (22 ಎಂಎಂ, ಮೊದಲು ಪೆನಿಟ್ರೇಟಿಂಗ್ ಆಯಿಲ್ ಹಾಕಿ ನೆನೆಯಲು ಬಿಡಿ) ಆ ತೂತಿಗೆ ಪ್ರೆಷರ್ ಗೇಜ್ ಹಾಕಿ. ಐಡಲ್‌ನಲ್ಲಿ 1.5 ಪಿಎಸ್‌ಐ, 2500 ಆರ್‌ಪಿಎಂನಲ್ಲಿ 3 ಪಿಎಸ್‌ಐ ದಾಟಬಾರದು. ತಣ್ಣಗಿದ್ದಾಗ ಕನ್ವರ್ಟರನ್ನು ರಬ್ಬರ್ ಸುತ್ತಿಗೆಯಿಂದ ತಟ್ಟಿದಾಗ ಒಳಗೆ ಗಡಗಡ ಅಂದರೆ ಒಳಗಿನ ಜೇನುಗೂಡಿನಂಥ ಭಾಗ ಒಡೆದಿದೆ.

ಸಿಂಧನೂರು_ಪೆಟ್ರೋಲ್:
ನೋಡ್ದೆ ರೀ. ಗುಳ್ಳೆ ಎಲ್ಲೂ ಬರಲಿಲ್ಲ, ಟ್ರಿಮ್ ಕೂಡಿಸಿದ್ರ ಪ್ಲಸ್ 3. ಹಿಂದಿನ ಸೆನ್ಸರ್ 0.2ರಿಂದ 0.8ಕ್ಕ ಕುಣಿಯಾಕತ್ತೈತಿ. ಇನ್ನೊಂದು: ಸಾವಿರ ಕಿ.ಮೀ.ಗೆ ಅರ್ಧ ಲೀಟರ್ ಆಯಿಲ್ ಕಮ್ಮಿ ಆಗತೈತಿ. ಸೈಲೆನ್ಸರ್‌ನಿಂದ ಹೊಗೆ-ಗಿಗೆ ಏನೂ ಕಾಣಂಗಿಲ್ಲ. ಪೆಟ್ರೋಲ್‌ನ್ಯಾಗ ಹಾಕೋ ಕ್ಲೀನರ್ ಡಬ್ಬಿ ನಡೀತೈತೇನ್ರಿ?

ಗಂಗಾವತಿ_ಸ್ಪ್ಯಾನರ್:
ಕನ್ವರ್ಟರ್ ಹೋಗೇತಿ, ಖರೆ. ಆದ್ರ ಮೂಲ ಆ ಆಯಿಲ್. ಅದರೊಳಗಿನ ಫಾಸ್ಫರಸ್ ಸುಟ್ಟು ಪ್ಲಾಟಿನಂ-ಪಲ್ಲೇಡಿಯಂ ಮ್ಯಾಲ ಪದರ ಕಟ್ಟತೈತಿ. ಡಬ್ಬಿಯಿಂದ ಅದು ಕರಗಂಗಿಲ್ಲ, ಬಿಚ್ಚಿ ಸೋಪಿನ ನೀರಾಗ ನೆನಸಿದ್ರೂ ಇಲ್ಲ. ಮದ್ಲು ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಗ್ಯಾಸ್ ಮತ್ತ ಇನ್‌ಟೇಕ್‌ಗೆ ಬಿಡೋದು) ನೋಡ್ರಿ, ಅಗ್ಗದ ಸಾಮಾನು. ಆಮ್ಯಾಲ ಕಂಪ್ರೆಷನ್ ಟೆಸ್ಟ್: ಯಾವ ಸಿಲಿಂಡರ್ ಕಮ್ಮಿ ತೋರಸ್ತದೋ ಅದಕ್ಕ ಒಂದು ಚಮಚ ಆಯಿಲ್ ಹಾಕಿ ಮತ್ತ ಅಳೀರಿ. ಏರಿದ್ರ ರಿಂಗ್, ಏರದಿದ್ರ ವಾಲ್ವ್ ಕಡೆ. ಪಿಸಿವಿ, ಕಂಪ್ರೆಷನ್ ಎರಡೂ ನೆಟ್ಟಗಿದ್ರ ವಾಲ್ವ್ ಸ್ಟೆಮ್ ಸೀಲ್ ಇಲ್ಲಾ ಆಯಿಲ್ ರಿಂಗ್ ಮ್ಯಾಲ ಅನುಮಾನ ಪಡ್ರಿ. ಇದನ್ನ ಸರಿ ಮಾಡದ ಹೊಸದು ಹಾಕಿದ್ರ ಅದೂ ಇದೇ ದಾರಿ ಹಿಡೀತೈತಿ.

ಬಳ್ಳಾರಿ_ಗೇರ್:
ಒಳಗಿನದನ್ನು ಕುಟ್ಟಿ ತೆಗೆದು ಖಾಲಿ ಪೈಪ್ ಮಾಡಿಕೊಡ್ತೀವಿ ಅನ್ನೋರು ಸಿಗ್ತಾರೆ. ಒಪ್ಪಬೇಡಿ, ಕಾನೂನುಬಾಹಿರ. ಎಮಿಷನ್ ಟೆಸ್ಟ್‌ನಲ್ಲೂ ಸಿಕ್ಕಿಬೀಳ್ತೀರಿ: ಬಿಎಸ್4 ಪೆಟ್ರೋಲ್‌ಗೆ ಐಡಲ್‌ನಲ್ಲಿ ಸಿಒ 0.3 ಶೇಕಡಾ, ಹೈಡ್ರೋಕಾರ್ಬನ್ 200 ಪಿಪಿಎಂ ಮಿತಿ. ಹಳೆಯ ಕನ್ವರ್ಟರ್ ಗ್ಯಾರೇಜ್‌ನಲ್ಲಿ ಬಿಟ್ಟು ಬರಬೇಡಿ, ಒಳಗಿನ ಲೋಹಕ್ಕೆ ಗುಜರಿಯಲ್ಲೂ ಒಳ್ಳೆ ಬೆಲೆ ಇದೆ.

ನಿಮ್ಮ ಕಡೆ ರಸ್ತೆ ಮೇಲೆ ಭತ್ತದ ಹುಲ್ಲು, ತೊಗರಿ ಕಟ್ಟಿಗೆ ಹರವಿರ್ತಾರೆ. ಕನ್ವರ್ಟರ್ ತುಂಬಾ ಕಾದಿರುತ್ತೆ, ಬೆಂಕಿ ಹತ್ತಬಹುದು, ಆ ಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ. ಹಾದು ಬಂದ ಮೇಲೆ ಅಡಿಯಲ್ಲಿ ಸಿಕ್ಕಿಕೊಂಡಿದ್ದನ್ನು ಕೋಲಿನಿಂದ ಎಳೆದು ಹಾಕಿ.

ಹೊಸದು ಹಾಕುವಾಗ ಗ್ಯಾಸ್ಕೆಟ್, ನಟ್ ಹೊಸವೇ ಇರಲಿ. ಸೆನ್ಸರ್ ಥ್ರೆಡ್‌ಗೆ ಆಂಟಿ-ಸೀಝ್ ಹಚ್ಚಿ, ತುದಿಗೆ ಮಾತ್ರ ತಾಗಬಾರದು. ಕೋಡ್ ಅಳಿಸಿದ ಮೇಲೆ ಸ್ಕ್ಯಾನರ್‌ನಲ್ಲಿ ಕ್ಯಾಟಲಿಸ್ಟ್ ಮಾನಿಟರ್ (ಇಸಿಯು ತಾನೇ ಮಾಡುವ ಕನ್ವರ್ಟರ್ ಪರೀಕ್ಷೆ) ‘ರೆಡಿ’ ಅನ್ನುವವರೆಗೆ ಓಡಿಸಿ. ಅದಕ್ಕೂ ಮುಂಚೆ ಲೈಟ್ ಆರಿದ್ದರೆ ಲೆಕ್ಕಕ್ಕಿಲ್ಲ.