ಹಾಡಿನ ಕೂಟಕ್ಕೆ ಎಲ್ಲರೂ ಬರಬೇಕು, ಏನು ಮಾಡೋಣ? ಅನುಭವ ಇದ್ದವರು ಹೇಳಿ

ಚಿಕ್ಕಮಗಳೂರಿನಿಂದ, ಕೇಳಿದವರು:

ಎಲ್ಲರಿಗೂ ನಮಸ್ಕಾರ. ನಾವು ಒಂದಷ್ಟು ಜನ ಸೇರಿ ನಾಲ್ಕು ವರ್ಷದಿಂದ ಜಾನಪದ ಹಾಡಿನ ಕೂಟ ನಡೆಸುತ್ತಿದ್ದೇವೆ. ತಿಂಗಳಿಗೊಮ್ಮೆ, ಶನಿವಾರ ಸಂಜೆ 6ಕ್ಕೆ, ಬಡಾವಣೆಯ ಸಮುದಾಯ ಭವನದಲ್ಲಿ. ಟಿಕೆಟ್ ಇಲ್ಲ. ಯಾರು ಬೇಕಾದರೂ ಬರಬಹುದು ಅಂತ ಬೋರ್ಡೂ ಹಾಕಿದ್ದೇವೆ. ಆದರೆ ಬರುವವರು ಅದೇ ಮೂವತ್ತು ಜನ. ಜಾಸ್ತಿ ಗಂಡಸರು, ಜಾಸ್ತಿ ರಿಟೈರ್ ಆದವರು, ಒಂದೆರಡು ಜಾತಿಯವರೇ. ಹಾಡುವವರೂ ಅವರೇ, ಕೇಳುವವರೂ ಅವರೇ. ಕಡೂರು, ತರೀಕೆರೆ ಕಡೆ ಲಂಬಾಣಿ ತಾಂಡಾಗಳಿವೆ. ಕಾಫಿ ತೋಟದ ಲೈನ್‌ಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಎಲ್ಲೆಲ್ಲಿಂದಲೋ ಬಂದ ಜನ ಇದ್ದಾರೆ. ತಮಟೆಯವರು, ಮಾರಮ್ಮನ ಪದ ಹಾಡುವ ಅಸಾದಿಗಳು, ಮದುವೆಯಲ್ಲಿ ಸೋಬಾನೆ ಹೇಳುವ ಹೆಂಗಸರು ಎಲ್ಲ ಸುತ್ತಮುತ್ತಲೇ ಇದ್ದಾರೆ. ಕರೆದರೆ "ಬರ್ತೀವಿ" ಅನ್ನುತ್ತಾರೆ, ಬರುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇವೆ? ಇಂಥದ್ದು ಮಾಡಿ ನೋಡಿದವರು ದಯವಿಟ್ಟು ಹೇಳಿ.

ಹಾಸನದಿಂದ:

ಅಣ್ಣ, ನಿಮ್ಮದನ್ನು ಓದಿ ನಮ್ಮದೇ ಕಥೆ ಅನ್ನಿಸಿತು. ನಾವೂ ಹಾಸನದಲ್ಲಿ ಹೀಗೇ ಒಂದು ಕೂಟ ನಡೆಸುತ್ತೇವೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಯಾಕೆಂದರೆ ನಾವು ಮಾಡಿದ ತಪ್ಪು ಹೇಳದೆ ಬೇರೆ ಏನು ಹೇಳಿದರೂ ಪ್ರಯೋಜನವಿಲ್ಲ.

ಮೊದಲ ವರ್ಷ ಒಂದು ತಮಟೆ ತಂಡವನ್ನು ಕರೆಸಿದೆವು. ಐದು ಜನ ಬಂದರು. ಗೇಟಿನ ಹತ್ತಿರ ನಿಂತು ಬಾರಿಸಿದರು, ಅತಿಥಿಗಳನ್ನು ಬಾಗಿಲವರೆಗೆ ಕರೆತಂದರು. ಅತಿಥಿಗಳು ಒಳಗೆ ಹೋದರು. ವೇದಿಕೆಯಲ್ಲಿ ಹಾರ್ಮೋನಿಯಂ ಶುರುವಾಯಿತು. ಇವರು ಚಪ್ಪಲಿ ಬಿಡುವ ಜಾಗದ ಪಕ್ಕದ ಕಟ್ಟೆ ಮೇಲೆ ಕೂತರು. ಎರಡು ಗಂಟೆ ಅಲ್ಲೇ ಕೂತಿದ್ದರು. ಹೊರಗೆ ಕೂತ್ಕೊಳ್ಳಿ ಅಂತ ಯಾರೂ ಅಂದಿರಲಿಲ್ಲ. ಒಳಗೆ ಬನ್ನಿ ಅಂತಲೂ ಯಾರೂ ಅಂದಿರಲಿಲ್ಲ. ನಾನೂ ಅಂದಿರಲಿಲ್ಲ.

ಮುಂದಿನ ಸಲ ಕರೆದಾಗ ಬರಲಿಲ್ಲ. ನಾನೇ ಅವರ ಊರಿಗೆ ಹೋದೆ. ತಂಡದ ಹಿರಿಯರು ಟೀ ಕೊಟ್ಟು ಕೂರಿಸಿ ಹೇಳಿದರು: "ಬಾಗಿಲಲ್ಲಿ ಬಾರಿಸೋಕೆ ಆದ್ರೆ ದುಡ್ಡು ಕೊಡಿ, ಬರ್ತೀವಿ, ಅದು ನಮ್ಮ ಕೆಲ್ಸ. ಹಾಡಿನ ಕೂಟ ಅಂತ ಕರೆಯೋದಾದ್ರೆ ಒಳಗೆ ಕರೀರಿ ಅಮ್ಮ." ಅವತ್ತು ನನಗೆ ಅರ್ಥವಾಯಿತು. ನಾವು ಕರೆಯುತ್ತಿದ್ದುದು ನಿಜ, ಆದರೆ ಎಲ್ಲಿಗೆ ಕರೆಯುತ್ತಿದ್ದೆವು ಅನ್ನುವುದನ್ನು ನೋಡಿಕೊಂಡಿರಲಿಲ್ಲ.

ಸರಿ, ಆಮೇಲಿನ ತಿಂಗಳು ಅವರದ್ದೇ ಮುಖ್ಯ ಕಾರ್ಯಕ್ರಮ ಇಟ್ಟೆವು. ಅದರಲ್ಲೂ ಎಡವಿದೆವು. ಆಷಾಢದ ಜಿಟಿಜಿಟಿ ಮಳೆ. ತಣ್ಣಗಿನ ಗಾಳಿಗೆ ತಮಟೆಯ ಚರ್ಮ ಸಡಿಲವಾಗುತ್ತದೆ, ಬಾರಿಸುವ ಮುಂಚೆ ಬೆಂಕಿಗೆ ಕಾಯಿಸಲೇಬೇಕು. ಭವನದ ವಾಚ್‌ಮ್ಯಾನ್ ಬೆಂಕಿ ಹಚ್ಚುವ ಹಾಗಿಲ್ಲ ಅಂದರು. ನಮ್ಮಲ್ಲೊಬ್ಬರು "ಪ್ಲಾಸ್ಟಿಕ್ ಹೊದಿಕೆಯದ್ದು ಸಿಗುತ್ತಲ್ಲ, ಅದನ್ನೇ ತನ್ನಿ" ಅಂದರು. ಆ ಹಿರಿಯರು ಮಾತಾಡಲಿಲ್ಲ. ಕಾಯದ ತಮಟೆ ಹಿಡಿದೇ ವೇದಿಕೆ ಹತ್ತಿದರು. ದಬ್ ದಬ್ ಅಂತ ಸತ್ತ ಸದ್ದು. ಅವರ ಮುಖ ನೋಡಲಾಗಲಿಲ್ಲ.

ಈಗ ಭವನದ ಹಿಂದೆ, ನೀರಿನ ತೊಟ್ಟಿಯ ಪಕ್ಕ, ಒಂದು ಜಾಗ ಗೊತ್ತು ಮಾಡಿದ್ದೇವೆ. ಮೂರು ಕಲ್ಲು, ಒಂದು ಹೊರೆ ಒಣಗಿದ ತೆಂಗಿನ ಗರಿ, ಸ್ವಲ್ಪ ಹುಲ್ಲು, ಒಂದು ಬಕೆಟ್ ನೀರು. ಭವನದವರಿಗೆ ಬರೆದುಕೊಟ್ಟು ಒಪ್ಪಿಗೆ ತಗೊಂಡಿದ್ದೇವೆ. ಅವರು ತಮಟೆಯನ್ನು ಉರಿಗೆ ಹಿಡಿದು ನಿಧಾನವಾಗಿ ಸುತ್ತ ತಿರುಗಿಸುತ್ತಾರೆ. ಬೆರಳಲ್ಲಿ ತಟ್ಟಿ ಕಿವಿಗೆ ಹಿಡಿಯುತ್ತಾರೆ. ಮತ್ತೆ ಉರಿಗೆ ಹಿಡಿಯುತ್ತಾರೆ. ಟಣ್ ಅಂದ ತಕ್ಷಣ ಎದ್ದು ನಡೆಯುತ್ತಾರೆ. ಮಧ್ಯೆ ಸಡಿಲವಾದರೆ ಒಬ್ಬರು ಹೋಗಿ ಕಾಯಿಸಿಕೊಂಡು ಬರುತ್ತಾರೆ, ಉಳಿದವರು ನಿಲ್ಲಿಸದೆ ನಡೆಸುತ್ತಾರೆ. ಈಗ ಮಕ್ಕಳು ಕಾರ್ಯಕ್ರಮಕ್ಕಿಂತ ಅರ್ಧ ಗಂಟೆ ಮುಂಚೆ ಬಂದು ಆ ಬೆಂಕಿಯ ಸುತ್ತ ಕೂರುತ್ತಾರೆ. ಕೈಗೊಂದು ಕೋಲು ಕೊಟ್ಟು ಹಿರಿಯರು ಏಟು ಹೇಳಿಕೊಡುತ್ತಾರೆ. ಇನ್ನೊಂದು ಮಾತು: ತಮಟೆಯನ್ನು ಮುಚ್ಚಿದ ಹಾಲ್‌ನಲ್ಲಿ ಮೈಕ್ ಇಟ್ಟು ಬಾರಿಸಬೇಡಿ, ಕಿವಿ ಹೋಗುತ್ತದೆ, "ಗಲಾಟೆ" ಅನ್ನುವ ಹೆಸರು ಅವರಿಗೆ ಬರುತ್ತದೆ. ಅಂಗಳದಲ್ಲಿ ಆಡಿಸಿ, ಕೇಳುವವರು ಕುರ್ಚಿ ತಗೊಂಡು ಅಲ್ಲಿಗೆ ಹೋಗಲಿ.

ದುಡ್ಡಿನ ವಿಷಯವನ್ನೂ ನೋಡಿಕೊಳ್ಳಿ. ನಾವು ತಂಡಕ್ಕೆ ಇಷ್ಟು ಅಂತ ಒಂದೇ ಸಂಭಾವನೆ ಇಟ್ಟಿದ್ದೆವು, ಸಮಾನವಾಗಿದೆ ಅಂದುಕೊಂಡಿದ್ದೆವು. ಆದರೆ ಭಾವಗೀತೆ ಹಾಡುವವರು ಇಬ್ಬರು ಬರುತ್ತಾರೆ, ತಮಟೆಯವರು ಐದು ಜನ, ವೀರಗಾಸೆಯವರು ಇನ್ನೂ ಜಾಸ್ತಿ. ಹಂಚಿಕೊಂಡರೆ ಕೂಲಿಗೂ ಸಮ ಆಗುವುದಿಲ್ಲ. ಈಗ ತಲೆಗೆ ಇಷ್ಟು ಅಂತ ಕೊಡುತ್ತೇವೆ, ಬಸ್ ಚಾರ್ಜ್ ಬೇರೆ. ಕೂಟ ಮುಗಿದ ಕೂಡಲೇ ಕೈಗೆ ಕೊಡುತ್ತೇವೆ. "ನಾಳೆ ಫೋನ್ ಮಾಡಿ" ಅನ್ನುವುದಿಲ್ಲ.

ನಿಮ್ಮ ಆಹ್ವಾನ ಪತ್ರಿಕೆಯನ್ನೂ ಒಮ್ಮೆ ತೆಗೆದು ನೋಡಿ. ನಮ್ಮದರಲ್ಲಿ ಅಧ್ಯಕ್ಷರಿಗೆ, ಉದ್ಘಾಟಕರಿಗೆ ಊರು, ಹುದ್ದೆ, ಬಿರುದು ಎಲ್ಲ ಇತ್ತು. ಕೊನೆಯ ಸಾಲಿನಲ್ಲಿ "ತಮಟೆ ವಾದನ: ಇಂಥವರು ಮತ್ತು ಸಂಗಡಿಗರು". ಆ ಸಂಗಡಿಗರಿಗೂ ಹೆಸರಿದೆ ಅಲ್ವಾ? ಐದೂ ಹೆಸರು ಅಚ್ಚು ಹಾಕಿದ ಮೊದಲ ಸಲ, ಅದರಲ್ಲೊಬ್ಬ ಹುಡುಗ ಹತ್ತು ಪ್ರತಿ ಕೇಳಿ ತಗೊಂಡು ಹೋದ.

ಅರಸೀಕೆರೆ ಕಡೆಯಿಂದ:

ಹೆಂಗಸರ ಬಗ್ಗೆ ನನ್ನ ಅನುಭವ. ನಾನು ಶಾಲೆಯಲ್ಲಿ ಪಾಠ ಮಾಡುತ್ತೇನೆ, ಊರಿನ ಹೆಂಗಸರನ್ನು ಸೇರಿಸಿ ಸೋಬಾನೆ ಕೂಟ ಮಾಡಬೇಕು ಅಂತ ಓಡಾಡಿದೆ. "ಹಾಡು ಬರೋರು ಯಾರಿದ್ದೀರಾ?" ಅಂತ ಕೇಳಿದರೆ ಎಲ್ಲರೂ ಸೆರಗು ಬಾಯಿಗೆ ಇಟ್ಟುಕೊಂಡು "ನಮಗೆಲ್ಲಿ ಬರುತ್ತೆ" ಅಂದರು. ಕೊನೆಗೆ ನನ್ನ ಅತ್ತೆ ಹೇಳಿದರು, "ಹಾಡು ಅಂತ ಯಾಕೆ ಕೇಳ್ತೀಯ, ಪದ ಯಾರು ಹೇಳ್ತೀರ ಅಂತ ಕೇಳು." ಹಾಗೆ ಕೇಳಿದ್ದೇ ತಡ, ಅವಳು ಹೇಳ್ತಾಳೆ, ಇವಳು ಹೇಳ್ತಾಳೆ, ಆ ಮನೆಯ ಅಜ್ಜಿಗೆ ರಾತ್ರಿ ಪೂರ್ತಿ ಹೇಳುವಷ್ಟು ಬರುತ್ತೆ ಅಂತ ಒಬ್ಬರನ್ನೊಬ್ಬರು ತೋರಿಸಿದರು. ಅವರ ಲೆಕ್ಕದಲ್ಲಿ ಹಾಡು ಅಂದರೆ ರೇಡಿಯೋದಲ್ಲಿ ಬರುವುದು. ತಾವು ಮದುವೆಯಲ್ಲಿ, ನಾಟಿಯಲ್ಲಿ, ಬೀಸುವಾಗ ಹೇಳುವುದು ಪದ. ನಿಮ್ಮ ಬೋರ್ಡಿನಲ್ಲಿ ಏನು ಬರೆದಿದ್ದೀರಿ ನೋಡಿಕೊಳ್ಳಿ. "ಜಾನಪದ ಗಾಯಕರಿಗೆ ಸ್ವಾಗತ" ಅಂತಿದ್ದರೆ ಅದು ತಮ್ಮನ್ನು ಕರೆಯುತ್ತಿದೆ ಅಂತ ಅವರಿಗೆ ಅನ್ನಿಸುವುದೇ ಇಲ್ಲ.

ಇನ್ನು ಸಂಜೆ 6 ಗಂಟೆ. ನಮ್ಮ ಕಡೆ ಅದು ಹಾಲು ಕರೆದು ಡೈರಿಗೆ ಹಾಕಿ ಬಂದು ಒಲೆ ಹಚ್ಚುವ ಹೊತ್ತು. ಯಾವ ಹೆಂಗಸು ಬರುತ್ತಾಳೆ ಹೇಳಿ? ನಾವು ಮಧ್ಯಾಹ್ನ 1ರಿಂದ 3ರವರೆಗೆ ಇಟ್ಟೆವು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಹೆಂಗಸರಿಗೆ ಉಚಿತವಾದ ಮೇಲೆ ಅಕ್ಕಪಕ್ಕದ ಊರಿನವರೂ ಬರತೊಡಗಿದರು. ಆದರೆ ವಾಪಸ್ ಬಸ್ಸಿನ ಹೊತ್ತು ನೋಡಿಯೇ ಮುಗಿಸುತ್ತೇವೆ. ಮುಖ್ಯ ಅತಿಥಿಗಳ ಭಾಷಣ ಉದ್ದವಾಗಿ ಬಸ್ಸು ತಪ್ಪಿದರೆ ಅವರು ಮತ್ತೆ ಬರುವುದಿಲ್ಲ, ಮನೆಯಲ್ಲಿ ಕಳಿಸುವುದೂ ಇಲ್ಲ. ಹಾಗಾಗಿ ಭಾಷಣವನ್ನೇ ತೆಗೆದುಹಾಕಿದೆವು.

ವೇದಿಕೆಯೂ ಬೇಡ. ಸೋಬಾನೆಯನ್ನು ಒಬ್ಬರು ಹೇಳಿ ಉಳಿದವರು ಎತ್ತಿಕೊಳ್ಳುತ್ತಾರೆ, ಒಬ್ಬರ ಮುಖ ಒಬ್ಬರು ನೋಡಿಕೊಂಡೇ ಹೇಳಬೇಕು. ಸಾಲಾಗಿ ನಿಲ್ಲಿಸಿ ಸ್ಟ್ಯಾಂಡ್ ಮೈಕ್ ಮುಂದಿಟ್ಟರೆ ಬಾಯಿ ಕಟ್ಟುತ್ತದೆ. ಜಮಖಾನ ಹಾಸಿ, ಮಧ್ಯೆ ಗಿಡ್ಡ ಸ್ಟ್ಯಾಂಡಿನಲ್ಲಿ ಒಂದು ಮೈಕ್ ಇಡಿ, ಮರೆತು ಬಿಡುತ್ತಾರೆ. ಎಲೆ ಅಡಿಕೆ ತಟ್ಟೆಯೂ ಇರಲಿ.

ಮೊಬೈಲ್ ಬಗ್ಗೆ ಹುಷಾರಾಗಿರಿ. ನಮ್ಮಲ್ಲಿ ಒಬ್ಬ ಹೊಸ ಮದುಮಗಳು ಹೇಳಿದ ಪದವನ್ನು ಯಾರೋ ಯೂಟ್ಯೂಬಿಗೆ ಹಾಕಿಬಿಟ್ಟರು. ಕೆಳಗೆ ಕೆಟ್ಟ ಮಾತು ಬಂದವು, ಮನೆಯಲ್ಲಿ ಜಗಳವಾಯಿತು. ಅವಳು ಇವತ್ತಿಗೂ ಬಂದಿಲ್ಲ. ಅವಳಷ್ಟು ಚೆನ್ನಾಗಿ ಪದ ಎತ್ತುವವರು ನಮ್ಮಲ್ಲಿ ಇನ್ನೊಬ್ಬರಿಲ್ಲ. ಈಗ ಶುರುವಿನಲ್ಲೇ ಹೇಳುತ್ತೇವೆ: ಕೇಳದೆ ರೆಕಾರ್ಡ್ ಮಾಡುವ ಹಾಗಿಲ್ಲ, ಹೇಳಿದವರು ಒಪ್ಪಿದರೆ ಮಾತ್ರ.

ಕೊಪ್ಪದಿಂದ:

ಒಂದೇ ಮಾತು. ನಮ್ಮ ಮಲೆನಾಡಿನಲ್ಲಿ ದೀಪಾವಳಿಗೆ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಹಾಡಿಕೊಂಡು ಮನೆಮನೆಗೆ ಬರುತ್ತಾರೆ. ಮನೆಯವರು ಆ ದೀಪಕ್ಕೆ ಎಣ್ಣೆ ಹಾಕುತ್ತಾರೆ. ಯಾರೂ ಭವನಕ್ಕೆ ಬನ್ನಿ ಅನ್ನುವುದಿಲ್ಲ. ನೀವೂ ವರ್ಷದಲ್ಲಿ ಆರು ಕೂಟವನ್ನು ಹೊರಗೆ ಮಾಡಿ. ಒಂದು ತಾಂಡಾದಲ್ಲಿ, ಒಂದು ತೋಟದ ಲೈನ್ ಅಂಗಳದಲ್ಲಿ, ಒಂದು ಹಟ್ಟಿಯ ಗುಡಿ ಮುಂದೆ. ಅಲ್ಲಿ ನೀವು ಅತಿಥಿಗಳು, ಅವರು ಮನೆಯವರು. ತೋಟದವರಿಗೆ ನವೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು, ಆಗ ಇಡಬೇಡಿ. ಇಟ್ಟರೂ ರಜೆಯ ದಿನ ಕೇಳಿಕೊಂಡು ಇಡಿ.

ಬೇಲೂರಿನಿಂದ:

ನಮ್ಮ ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿ ಜನ ಇದ್ದಾರೆ, ಮನೆಯಲ್ಲಿ ವಾಗ್ರಿ ಮಾತಾಡುತ್ತಾರೆ. ಆ ಸಮುದಾಯದ ಕೆಲವರನ್ನು ಒಂದು ಕಾರ್ಯಕ್ರಮಕ್ಕೆ ಕರೆದಿದ್ದೆವು. ನಮ್ಮ ಸಮಿತಿಯ ಒಬ್ಬರು "ನಿಮ್ಮ ಹಳೇ ವೇಷದಲ್ಲೇ ಬನ್ನಿ, ಚೆನ್ನಾಗಿ ಕಾಣುತ್ತೆ" ಅಂದುಬಿಟ್ಟರು. ಎಣ್ಣೆ ವ್ಯಾಪಾರಕ್ಕೆ ಆಫ್ರಿಕಾದವರೆಗೆ ಹೋಗಿ ಬರುವವರು ಆ ಸಮುದಾಯದಲ್ಲಿದ್ದಾರೆ, ಓದಿದ ಮಕ್ಕಳಿದ್ದಾರೆ. ಅವರಿಗೆ ಬೇಜಾರಾಯಿತು. ಪ್ಯಾಂಟು ಶರ್ಟಿನಲ್ಲಿ ಬಂದು ಹಾಡಿದರೆ ಅದು ಜಾನಪದ ಅಲ್ವಾ? ಲಂಬಾಣಿ ಅಕ್ಕಂದಿರನ್ನು ಕರೆಯುವಾಗಲೂ ಇದನ್ನು ನೆನಪಿಡಿ. ಏನು ಉಡಬೇಕು ಅನ್ನುವುದು ಅವರಿಗೆ ಬಿಟ್ಟದ್ದು.

ಭಾಷೆ ತಿಳಿಯುವುದಿಲ್ಲ ಅಂತ ಕೇಳುವವರು ಎದ್ದು ಹೋಗುತ್ತಾರೆ ಅನ್ನುವ ಭಯ ಬೇಡ. ಹಾಡುವ ಮುಂಚೆ ಅವರ ಮನೆಯ ಮಕ್ಕಳೇ ಎರಡು ಮಾತು ಕನ್ನಡದಲ್ಲಿ ಹೇಳಲಿ: ಇದು ಯಾವಾಗ ಹಾಡುವುದು, ಯಾರು ಯಾರಿಗೆ ಹಾಡುವುದು. ಅಷ್ಟು ಸಾಕು.

ಚನ್ನರಾಯಪಟ್ಟಣದಿಂದ:

ನಾನು ತತ್ವಪದ ಹಾಡುವವನು. ಪ್ರಾರ್ಥನೆಯ ಬಗ್ಗೆ ಹೇಳಬೇಕು. ಎಲ್ಲರನ್ನೂ ಸೇರಿಸಬೇಕಾದರೆ ದೇವರ ಹಾಡು ತೆಗೆಯಿರಿ ಅಂತ ನಮ್ಮ ಕೂಟದಲ್ಲೂ ಒಬ್ಬರು ಅಂದರು. ನಾನು ಒಪ್ಪಲಿಲ್ಲ. ನಮ್ಮ ಪದಗಳಲ್ಲಿ ನೆನೆಯದೆ ಶುರು ಮಾಡುವ ಪದ್ಧತಿ ಇಲ್ಲ. ಆದರೆ ತಿಂಗಳು ತಿಂಗಳೂ ಒಂದೇ ಮನೆಯವರು, ಒಂದೇ ದೇವರ ಹಾಡು ಅಂದರೆ ಅದು ಕೂಟವಲ್ಲ. ಈಗ ನಮ್ಮಲ್ಲಿ ತಿಂಗಳಿಗೊಬ್ಬರು ನೆನೆಯುತ್ತಾರೆ. ಅಸಾದಿಯವರು ಮಾರಮ್ಮನನ್ನು ನೆನೆದರು. ಬಾಬಯ್ಯನ ಹಬ್ಬದ (ಮೊಹರಂ) ತಿಂಗಳು ಒಬ್ಬ ಸಾಹೇಬರು ಪದ ಹೇಳಿದರು, ನಾನೇ ಅವರಿಗೆ ದಮ್ಮಡಿ ವಾದ್ಯ ಬಾರಿಸಿದೆ. ಶರೀಫಜ್ಜನ ಪದ ಹಾಡಿಕೊಂಡು ಬೆಳೆದವನಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಒಬ್ಬಾಕೆ ದೇವರನ್ನು ಬಿಟ್ಟು ತನ್ನ ಬೀಸುಕಲ್ಲನ್ನೇ ನೆನೆದು ಶುರು ಮಾಡಿದರು. ಅದೂ ಆಯಿತು.

ಸಕಲೇಶಪುರದಿಂದ:

ನಾನು ವೀಲ್‌ಚೇರ್ ಬಳಸುತ್ತೇನೆ. ಹಾಡುವ ಆಸೆ ಬಹಳ. ಒಂದು ಕಾರ್ಯಕ್ರಮದಲ್ಲಿ ನಾಲ್ಕು ಜನ ಕುರ್ಚಿ ಸಮೇತ ಎತ್ತಿ ವೇದಿಕೆಗೆ ಹಾಕಿದರು. ಎಲ್ಲರೂ ಚಪ್ಪಾಳೆ ಹೊಡೆದರು, ನಾನಿನ್ನೂ ಹಾಡಿಯೇ ಇರಲಿಲ್ಲ. ಆ ಚಪ್ಪಾಳೆ ನನಗೆ ಬೇಕಿರಲಿಲ್ಲ. ರ‍್ಯಾಂಪ್ ಮಾಡುವುದಾದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಎರಡೂವರೆ ಅಡಿ ವೇದಿಕೆಗೆ ಮೂವತ್ತು ಅಡಿ ಆಗುತ್ತದೆ. ನಿಮ್ಮ ಭವನದಲ್ಲಿ ಜಾಗ ಇರಲಿಕ್ಕಿಲ್ಲ. ಸುಲಭದ ದಾರಿ, ಎಲ್ಲರೂ ಕೆಳಗೇ ಹಾಡಿ. ಮೇಲೆ ಅರಸೀಕೆರೆಯ ಮೇಡಂ ಜಮಖಾನ ಅಂದರಲ್ಲ, ನನಗೂ ಅದೇ ಅನುಕೂಲ. ಶೌಚಾಲಯದ ಬಾಗಿಲಿನ ಅಗಲವನ್ನೂ ಒಮ್ಮೆ ಟೇಪ್ ಹಿಡಿದು ಅಳೆಯಿರಿ.

ಹಾಸನದಿಂದ, ಇನ್ನೊಬ್ಬರು:

ನಾನು ಮಂಗಳಮುಖಿ. ಚೌಡಿಕೆ ವಾದ್ಯ ನುಡಿಸಿಕೊಂಡು ಎಲ್ಲಮ್ಮನ ಪದ ಹೇಳುತ್ತೇನೆ. ನಮ್ಮ ಸಮುದಾಯದವರೇ ಆದ ಮಂಜಮ್ಮ ಜೋಗತಿ ಅಮ್ಮ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ಅದಾದ ಮೇಲೆ ನಮ್ಮನ್ನೂ ಕರೆಯುತ್ತಿದ್ದಾರೆ, ಸಂತೋಷ. ಆದರೆ ವರ್ಷಕ್ಕೊಮ್ಮೆ ಕರೆದು ಶಾಲು ಹೊದಿಸಿ ಕಳಿಸುತ್ತಾರೆ. ಒಂದು ಕಡೆ ನಾನು ಪದ ಮುಗಿಸಿ ಇಳಿಯುವಷ್ಟರಲ್ಲಿ ನಿರೂಪಕರು ನನ್ನ ಧ್ವನಿಯ ಬಗ್ಗೆ ಏನೋ ತಮಾಷೆ ಮಾಡಿದರು. ಸಭೆ ನಕ್ಕಿತು. ನಾನು ಊಟ ಮಾಡದೆ ಬಂದೆ.

ನಿರೂಪಕರಿಗೆ ಮೊದಲೇ ಹೇಳಿ: ಮೈ, ಬಣ್ಣ, ಧ್ವನಿ, ಜಾತಿ ಇವುಗಳ ಮೇಲೆ ತಮಾಷೆ ಬೇಡ. ಯಾರಿಗಾದರೂ ತೊಂದರೆಯಾದರೆ ಯಾರ ಹತ್ತಿರ ಹೇಳಬೇಕು ಅಂತ ಇಬ್ಬರ ಹೆಸರನ್ನು ಶುರುವಿನಲ್ಲೇ ಕೂಗಿ ಹೇಳಿ, ಒಬ್ಬರು ಹೆಂಗಸಾಗಿರಲಿ. ನಮ್ಮನ್ನು ಸುಮ್ನೆ ತಿಂಗಳ ಕೂಟಕ್ಕೆ ಕರೆಯಿರಿ, ಎಲ್ಲರ ಜೊತೆ, ಕೇಳುವವರಾಗಿಯೂ. ಊಟ ಬಡಿಸುವ ಪಾಳಿಯಲ್ಲೂ ನಮ್ಮ ಹೆಸರು ಹಾಕಿ.

ಚಿಕ್ಕಮಗಳೂರಿನಿಂದ, ಕೇಳಿದವರು:

ಎಲ್ಲರಿಗೂ ಕೈಮುಗಿದು ಥ್ಯಾಂಕ್ಸ್. ಇದನ್ನೆಲ್ಲ ನಿನ್ನೆ ಸಮಿತಿಯಲ್ಲಿ ಓದಿ ಹೇಳಿದೆ. ಇಬ್ಬರು ಹಿರಿಯರಿಗೆ ಸಮಾಧಾನವಿಲ್ಲ, ವೇದಿಕೆ ಬಿಡಲು ಮನಸ್ಸಿಲ್ಲ. ಅವರ ಜೊತೆ ಇನ್ನೂ ಮಾತಾಡಬೇಕು. ಮುಂದಿನ ಕೂಟ ಮಧ್ಯಾಹ್ನ 1ಕ್ಕೆ, ಅಂಗಳದಲ್ಲಿ. ಇವತ್ತು ಬೆಳಿಗ್ಗೆ ತಮಟೆಯವರ ಮನೆಗೆ ಹೋಗಿದ್ದೆ. ನಮ್ಮ ಹಳೇ ಪತ್ರಿಕೆಯಲ್ಲಿ "ಸಂಗಡಿಗರು" ಅಂತ ಬಿಟ್ಟಿದ್ದ ನಾಲ್ಕು ಜನರ ಹೆಸರು ಬರೆದುಕೊಂಡು ಬಂದೆ. ಬೆಂಕಿಗೆ ಗರಿ ನಾವು ತರುತ್ತೇವೆ ಅಂದೆ. "ಗರಿ ಬೇಗ ಉರಿದು ಹೋಗುತ್ತೆ ಸಾಮಿ, ಜೊತೆಗೆ ಕಾಫಿ ಗಿಡದ ಒಣ ಕಡ್ಡಿ ಹಾಕ್ಸಿ" ಅಂದರು. ಕಡ್ಡಿ ಯಾರ ತೋಟದಲ್ಲಿ ಸಿಗುತ್ತದೆ ಅಂತ ಈಗ ವಿಚಾರಿಸುತ್ತಿದ್ದೇನೆ.