ಅಪ್ಪ ಊಟ ಬೇಡ ಅಂತಾರೆ, ಟ್ಯೂಬ್ ಹಾಕಿಸಬೇಕಾ?

ಪ್ರಶ್ನೆ: ಅಪ್ಪನಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಕೀಮೋ ನಿಲ್ಲಿಸಿ ಆರು ವಾರ ಆಯ್ತು. ಈಗ ಮನೆಯಲ್ಲೇ ಪ್ಯಾಲಿಯೇಟಿವ್ ಆರೈಕೆ, ಅಂದರೆ ನೋವು, ಸಂಕಟ ಕಡಿಮೆ ಮಾಡುವ ಆರೈಕೆ. ಊಟ ನಾಲ್ಕು ಚಮಚಕ್ಕೆ ಇಳಿದಿದೆ. ಎಷ್ಟು ಹೋಯ್ತು ಅಂತ ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ನಿನ್ನೆ ಬಾಯಿ ಬಿಗಿಹಿಡಿದು ಗೋಡೆ ಕಡೆ ತಿರುಗಿಬಿಟ್ಟರು. ಹೊಟ್ಟೆಗಿಲ್ಲದೆ ಹೋಗಿಬಿಡ್ತಾರೇನೋ ಅಂತ ಭಯ. ಮೂಗಿನ ಟ್ಯೂಬ್ ಹಾಕಿಸಲಾ? ಸಕ್ಕರೆ ಕೊಟ್ಟರೆ ಗಡ್ಡೆ ಬೆಳೆಯುತ್ತೆ ಅಂತ ಬಂಧುಗಳು ಸಿಹಿಯನ್ನೂ ಬಿಡಿಸಿದ್ದಾರೆ.

ಉತ್ತರ (ಆಹಾರ ತಜ್ಞೆ): ಮೊದಲು ಆ ನೋಟ್‌ಬುಕ್ ಎತ್ತಿಡಿ. ಅವರೂ ಅದನ್ನ ನೋಡ್ತಿರ್ತಾರೆ, ಅಲ್ವಾ?

ಅವರ ಈ ಸೊರಗುವಿಕೆಗೆ ಕ್ಯಾಕೆಕ್ಸಿಯಾ ಅಂತಾರೆ. ಗಡ್ಡೆಯಿಂದಾಗಿ ಮೈಯೊಳಗೆ ಉರಿಯೂತ ಹಬ್ಬುತ್ತದೆ, ಸ್ನಾಯು ಕರಗುತ್ತದೆ, ಹಸಿವು ಸತ್ತೇ ಹೋಗುತ್ತದೆ. ಎಷ್ಟೇ ತಿನ್ನಿಸಿದರೂ ಬರೀ ಊಟದಿಂದ ಆ ಸ್ನಾಯು ಮರಳಿ ಬರುವುದಿಲ್ಲ. ಹಾಗಾಗಿ ಈ ಹಂತದಲ್ಲಿ ಟ್ಯೂಬ್‌ನಿಂದ ಸಾಮಾನ್ಯವಾಗಿ ಲಾಭ ಕಮ್ಮಿ, ಕಿರಿಕಿರಿ ಜಾಸ್ತಿ. ಗಂಟಲಲ್ಲಿ ಅಡ್ಡಿಯಾಗಿ ನುಂಗಲಾಗದೆ, ಹಸಿವು ಮಾತ್ರ ಚೆನ್ನಾಗಿರುವವರ ವಿಷಯ ಬೇರೆ.

ಸಿಹಿ ಬಿಟ್ಟರೆ ಗಡ್ಡೆಯೇನೂ ಉಪವಾಸ ಬೀಳಲ್ಲ. ಅಪ್ಪನಿಗೆ ಇಷ್ಟ ಇದ್ದರೆ ಕೊಡಿ. ಡಯಾಬಿಟಿಸ್ ಇದ್ದರೆ ಡಾಕ್ಟರಿಗೆ ಹೇಳಿ, ಈ ಹಂತದಲ್ಲಿ ಪಥ್ಯ ಸಡಿಲಿಸುವುದೇ ಹೆಚ್ಚು.

ಆದರೆ ಕೆಲವು ಅಡ್ಡಿಗಳನ್ನ ತೆಗೆಯಬಹುದು, ಅದನ್ನ ಬಿಡಬೇಡಿ. ಟಾರ್ಚ್ ಹಿಡಿದು ಬಾಯೊಳಗೆ ನೋಡಿ. ಮಲ ಎಷ್ಟು ದಿನಕ್ಕೊಮ್ಮೆ? ಜಿಡ್ಡಾಗಿ ತೇಲುತ್ತದಾ? ನೋವಿಗೆ ಮಾರ್ಫಿನ್ ಇದೆಯಾ?

ಪ್ರಶ್ನೆ ಕೇಳಿದವರು: ನಾಲಿಗೆ ಮೇಲೆ ಬಿಳಿ ಪದರ ಇದೆ, ಉಜ್ಜಿದರೆ ಕೆಂಪಗೆ ಕಾಣುತ್ತೆ. ಮಾರ್ಫಿನ್ ಇದೆ, ನಾಲ್ಕು ದಿನದಿಂದ ಮಲ ಹೋಗಿಲ್ಲ. ಅದಕ್ಕೆ ಮುಂಚೆ ಜಿಡ್ಡಾಗಿತ್ತು. ಇದನ್ನ ಯಾರೂ ಕೇಳೇ ಇರಲಿಲ್ಲ.

ಉತ್ತರ: ಹಾಗಿದ್ದರೆ ಇವತ್ತೇ ನಿಮ್ಮ ತಂಡಕ್ಕೆ ಫೋನ್ ಮಾಡಿ. ಬಿಳಿ ಪದರ ಫಂಗಸ್ ಇರಬಹುದು, ಔಷಧಿ ಇದೆ. ಬಾಯಿ ಉರಿಯುತ್ತಿದ್ದರೆ ನಾನೂ ಗೋಡೆ ಕಡೆ ತಿರುಗುತ್ತಿದ್ದೆ. ಮಾರ್ಫಿನ್‌ನಿಂದ ಮಲ ಕಟ್ಟುತ್ತದೆ, ಅದರ ಜೊತೆ ಸಾಮಾನ್ಯವಾಗಿ ದಿನಾ ಮಲ ಸಡಿಲಿಸುವ ಔಷಧಿ ಬೇಕು. ಆದರೆ ವಾಂತಿ ಇದ್ದರೆ, ಹೊಟ್ಟೆ ಉಬ್ಬಿದ್ದರೆ ನೀವಾಗೇ ಏನೂ ಕೊಡಬೇಡಿ, ಕರುಳು ಕಟ್ಟಿರಬಹುದು. ಜಿಡ್ಡು ಮಲ ಅಂದರೆ ಕೊಬ್ಬು ಜೀರ್ಣವಾಗುತ್ತಿಲ್ಲ ಅಂತ. ಜೀರ್ಣಕ್ಕೆ ನೆರವಾಗುವ ಎನ್‌ಜೈಮ್ ಕ್ಯಾಪ್ಸೂಲ್ ಬಗ್ಗೆ ಕೇಳಿ. ಅದನ್ನ ಊಟದ ಜೊತೆಗೇ ತಗೋಬೇಕು, ಆಮೇಲಲ್ಲ.

ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಔಷಧಿಯಿಂದ ಕೆಲವು ವಾರ ಹಸಿವು ಸುಧಾರಿಸಬಹುದು. ಬೇಕಾ ಅಂತ ಡಾಕ್ಟರ್ ಹೇಳಬೇಕು.

ಊಟವನ್ನ ಚಿಕ್ಕ ಬಟ್ಟಲಲ್ಲಿ ಕೊಡಿ. ದೊಡ್ಡ ತಟ್ಟೆ ನೋಡಿಯೇ ಕೆಲವರಿಗೆ ಹೊಟ್ಟೆ ತುಂಬಿಬಿಡುತ್ತೆ. ಲೋಹದ ರುಚಿ ಅಂದರೆ ಪ್ಲಾಸ್ಟಿಕ್ ಚಮಚ ಬಳಸಿ. ಎರಡು ಚಮಚಕ್ಕೆ ಸಾಕು ಅಂದರೆ ಸಾಕು.

ಇನ್ನೊಬ್ಬ ಸದಸ್ಯರು: ನಮ್ಮ ಅಮ್ಮ ಈಗ ನೀರೂ ಕುಡಿಯುತ್ತಿಲ್ಲ, ಪೂರ್ತಿ ಮಂಪರು. ಡ್ರಿಪ್ ಹಾಕದಿದ್ದರೆ ಬಾಯಾರಿಕೆ ಆಗಲ್ವಾ?

ಉತ್ತರ: ಕೊನೆಯ ದಿನಗಳಲ್ಲಿ ದೇಹ ನೀರನ್ನ ನಿಭಾಯಿಸಲಾರದು. ಡ್ರಿಪ್ ಹಾಕಿದರೆ ಕಾಲು ಊದಬಹುದು, ಎದೆಯಲ್ಲಿ ಕಫ ಹೆಚ್ಚಬಹುದು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೆಲವರಿಗೆ ದಿನಕ್ಕೆ 1 ಲೀಟರ್, ಉಳಿದವರಿಗೆ ಬರೀ 100 ಮಿ.ಲೀ. ಕೊಟ್ಟರು. ಸುಸ್ತು, ಮಂಪರು ಇತ್ಯಾದಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಾಯಿ ಒಣಗುವುದೇ ಜಾಸ್ತಿ ಕಾಡುವುದು. ಒದ್ದೆ ಸ್ಪಂಜಿನಿಂದ ತುಟಿ, ಒಸಡು ಆಗಾಗ ಒರೆಸಿ. ಮಂಪರಲ್ಲಿದ್ದಾಗ ಬಾಯಿಗೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋಗಿಬಿಡುತ್ತೆ.

ಪ್ರಶ್ನೆ ಕೇಳಿದವರು (ಐದು ದಿನದ ನಂತರ): ಬಾಯಿ ವಾಸಿ ಆಗ್ತಾ ಇದೆ. ನಿನ್ನೆ ಅವರೇ ಐಸ್‌ಕ್ರೀಮ್ ಕೇಳಿದರು. ಮೂರು ಚಮಚ ತಿಂದರು. ಅಯ್ಯೋ, ಮತ್ತೆ ಎಣಿಸಿಬಿಟ್ಟೆ.